ಮೈಕ್ರೋಆರ್‌ಎನ್‌ಎ: ಕತ್ತರಿ ಬಿದ್ದ ಜಾಗದಲ್ಲೇ ಗುರಿ ತೀರ್ಮಾನವಾಗುತ್ತದೆ

ಪ್ರಶ್ನೆ: ಎಂಎಸ್ಸಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮನುಷ್ಯ ಜೀವಕೋಶಗಳ ಸ್ಮಾಲ್ ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಲ್ಲಿ ಎಂಟು ಮೈಕ್ರೋಆರ್‌ಎನ್‌ಎಗಳು ಜಾಸ್ತಿಯಾಗಿರುವುದು ಕಂಡಿತು. ಅವು ಯಾವ ಜೀನ್‌ಗಳನ್ನು ತಡೆಯುತ್ತವೆ ಎಂದು ಮೂರು ತಂತ್ರಾಂಶಗಳಲ್ಲಿ ಹುಡುಕಿದೆ. ಒಂದು ಕೆಲವು ನೂರು ಹೆಸರು ಕೊಟ್ಟಿತು, ಉಳಿದೆರಡು ಸಾವಿರಗಟ್ಟಲೆ ಕೊಟ್ಟವು. ಮೂರರಲ್ಲೂ ಇರುವ ಹೆಸರುಗಳು ಬೆರಳೆಣಿಕೆಯಷ್ಟು. ಅಷ್ಟನ್ನೇ ಹಿಡಿದು ಮುಂದೆ ಹೋಗಬಹುದಾ? ಮೈಕ್ರೋಆರ್‌ಎನ್‌ಎ ತಯಾರಾಗುವ ಬಗೆ ಪಠ್ಯದಲ್ಲಿ ಓದಿದ್ದೇನೆ. ಗುರಿ ಹುಡುಕುವ ಕೆಲಸಕ್ಕೂ ಅದಕ್ಕೂ ಏನು ಸಂಬಂಧ ಅಂತ ಮಾತ್ರ ತಿಳಿಯಲಿಲ್ಲ. ಕೊನೆಗೆ ಲೂಸಿಫೆರೇಸ್ (ಬೆಳಕು ಸೂಸುವ ಪ್ರೋಟೀನ್) ಪ್ರಯೋಗಕ್ಕೆ ಒಂದು ಜೀನ್ ಆರಿಸಬೇಕು.

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಗೆಹರಿದರೆ ಮೊದಲನೆಯದು ಅರ್ಧ ಬಗೆಹರಿದಂತೆ. ತಯಾರಿ ಒಂದು ಅಧ್ಯಾಯ, ಗುರಿ ಹುಡುಕುವುದು ಇನ್ನೊಂದು ಅಧ್ಯಾಯ ಎಂದು ಪುಸ್ತಕಗಳಲ್ಲಿ ಬೇರೆ ಮಾಡಿಡುತ್ತಾರೆ. ಜೀವಕೋಶದಲ್ಲಿ ಅವೆರಡೂ ಒಂದೇ ಕೆಲಸ. ಮೈಕ್ರೋಆರ್‌ಎನ್‌ಎ ಎಂದರೆ ಜೀನ್‌ಗಳ ಸಂದೇಶಕ್ಕೆ ಅಂಟಿ ಅವನ್ನು ತಡೆಯುವ ಪುಟ್ಟ ಆರ್‌ಎನ್‌ಎ ತುಣುಕು. ಅದು ತನ್ನ ಗುರಿಯನ್ನು, ಅಂದರೆ ತಾನು ತಡೆಯುವ ಜೀನನ್ನು, ಗುರುತಿಸುವುದು ಹೆಚ್ಚುಕಡಿಮೆ ಏಳೇ ಅಕ್ಷರಗಳಿಂದ (ಆರ್‌ಎನ್‌ಎಯ ಅಕ್ಷರಗಳು ಎ, ಯು, ಜಿ, ಸಿ). ಆ ಏಳು ಯಾವುವು ಎಂಬುದು ಅದನ್ನು ಕತ್ತರಿಸುವ ಕಿಣ್ವದ ಕತ್ತರಿ ಎಲ್ಲಿ ಬಿತ್ತು ಎಂಬುದರ ಮೇಲೆ ನಿಂತಿದೆ. ಕತ್ತರಿ ಒಂದು ಅಕ್ಷರ ಆಚೆ ಜಾರಿದರೆ ನಿಮ್ಮ ಪಟ್ಟಿಯೇ ಬೇರೆ. ಇದನ್ನು ಕೆಳಗೆ ಲೆಟ್-7 ಎಂಬ ಮೈಕ್ರೋಆರ್‌ಎನ್‌ಎ ಇಟ್ಟುಕೊಂಡು ತೋರಿಸುತ್ತೇನೆ.

ಮೊದಲು ಒಂದು ಹಳೆಯ ಕಥೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರ ಪ್ರಯೋಗಾಲಯಗಳು ಸಿ. ಎಲೆಗನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳುವಿನ ಮೇಲೆ ಒಟ್ಟಿಗೇ ಎರಡು ಪ್ರಬಂಧ ಪ್ರಕಟಿಸಿದವು. ಲಿನ್-4 ಎಂಬ ಜೀನ್ ಪ್ರೋಟೀನನ್ನೇ ಮಾಡುವುದಿಲ್ಲ, ಬರೀ 22 ಅಕ್ಷರಗಳ ಒಂದು ತುಣುಕು ಆರ್‌ಎನ್‌ಎ ಮಾಡುತ್ತದೆ ಎಂದು ಆಂಬ್ರೋಸ್ ತಂಡ ಕಂಡುಕೊಂಡಿತ್ತು. ಲಿನ್-14 ಜೀನಿಗೆ ಲಗಾಮು ಬೀಳುವುದು ಅದರ ಸಂದೇಶದ (ಪ್ರೋಟೀನ್ ಮಾಡಲು ಜೀನಿನಿಂದ ತೆಗೆದ ಆರ್‌ಎನ್‌ಎ ನಕಲಿನ) ಬಾಲದ ಭಾಗದಲ್ಲಿ ಎಂದು ರವ್‌ಕುನ್ ತಂಡಕ್ಕೆ ಗೊತ್ತಾಗಿತ್ತು. ಎರಡೂ ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಲಿನ್-4ರ ಅಕ್ಷರಗಳು ಲಿನ್-14ರ ಬಾಲದಲ್ಲಿ ಏಳು ಕಡೆ ಜೋಡಿಯಾಗುವಂತೆ ಕಂಡವು. ಯಾವ ತಂತ್ರಾಂಶವೂ ಇಲ್ಲದೆ, ಕಣ್ಣಿನಿಂದಲೇ ಮಾಡಿದ ಮೊದಲ ಗುರಿ ಹುಡುಕಾಟ ಅದು. ಏಳೂ ಕಡೆ ಜೋಡಿ ಅರೆಬರೆಯಾಗಿತ್ತು, ಮಧ್ಯೆ ಉಬ್ಬುಗಳಿದ್ದವು. ಇವತ್ತಿಗೂ ನಮ್ಮ ತಲೆನೋವಿನ ಮೂಲ ಆ ಅರೆಬರೆತನವೇ. ಅವರಿಬ್ಬರಿಗೆ 2024ರ ವೈದ್ಯಕೀಯ ನೊಬೆಲ್ ಬಂತು. ಮೊದಲ ಕೆಲವು ವರ್ಷ ಇದು ಹುಳುವಿನ ಯಾವುದೋ ವಿಚಿತ್ರ ಎಂದುಕೊಂಡು ಜನ ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. 2000ದಲ್ಲಿ ಲೆಟ್-7 ಸಿಕ್ಕಿತು. ಅದು ಹುಳುವಿನಿಂದ ಮನುಷ್ಯನವರೆಗೆ ಒಂದೇ ರೀತಿ ಇದೆ ಎಂದು ಗೊತ್ತಾದ ಮೇಲೆಯೇ ಎಲ್ಲರೂ ಎದ್ದು ಕೂತರು. ಮೈಕ್ರೋಆರ್‌ಎನ್‌ಎ ಎಂಬ ಹೆಸರು ಬಂದದ್ದು 2001ರಲ್ಲಿ.

ಈಗ ತಯಾರಿ. ಪ್ರೋಟೀನ್ ಜೀನ್‌ಗಳನ್ನು ನಕಲು ಮಾಡುವ ಆರ್‌ಎನ್‌ಎ ಪಾಲಿಮರೇಸ್-2 ಎಂಬ ಕಿಣ್ವವೇ ಹೆಚ್ಚಿನ ಮೈಕ್ರೋಆರ್‌ಎನ್‌ಎ ಜೀನ್‌ಗಳನ್ನೂ ನಕಲು ಮಾಡುತ್ತದೆ. ಸಿಗುವುದು ನೂರಾರು, ಕೆಲವೊಮ್ಮೆ ಸಾವಿರಾರು ಅಕ್ಷರಗಳ ಉದ್ದದ ಎಳೆ. ಇದಕ್ಕೆ ಪ್ರೈ-ಮೈಕ್ರೋಆರ್‌ಎನ್‌ಎ ಎನ್ನುತ್ತಾರೆ. ಈ ಎಳೆಯ ಒಂದು ಭಾಗ ತನ್ನ ಮೇಲೆ ತಾನೇ ಮಡಚಿಕೊಂಡು ಹೇರ್‌ಪಿನ್ ಆಗುತ್ತದೆ. ಕೆಳಗೆ ಎರಡು ಸಡಿಲ ಕಾಲುಗಳು, ನಡುವೆ ಜೋಡಿಯಾದ ಕಾಂಡ, ಮೇಲೆ ಕುಣಿಕೆ.

ಕಾಂಡದ ಉದ್ದ ಸುಮಾರು 35 ಜೋಡಿ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ. ಜೋಡಿ ಆರ್‌ಎನ್‌ಎ ಹಗ್ಗದಂತೆ ಸುತ್ತಿಕೊಂಡಿರುತ್ತದೆ, ಒಂದು ಸುತ್ತಿಗೆ ಸುಮಾರು 11 ಜೋಡಿ. ಅಂದರೆ ಕಾಂಡದಲ್ಲಿ ಮೂರು ಸುತ್ತು. ಕೋಶಕೇಂದ್ರದೊಳಗೆ ಡ್ರೋಶಾ ಎಂಬ ಕಿಣ್ವ ಡಿಜಿಸಿಆರ್8 ಎಂಬ ಜೊತೆಗಾರನನ್ನು ಕಟ್ಟಿಕೊಂಡು ಬರುತ್ತದೆ. ಸಡಿಲ ಕಾಲುಗಳು ಮುಗಿದು ಕಾಂಡ ಶುರುವಾಗುವ ಸಂದಿಯನ್ನು ಡ್ರೋಶಾ ಹಿಡಿಯುತ್ತದೆ. ಮೇಲಿನ ಕುಣಿಕೆಯ ಕಡೆಯನ್ನು ಡಿಜಿಸಿಆರ್8 ನೋಡಿಕೊಳ್ಳುತ್ತದೆ. ಕೆಳಗಿನ ಸಂದಿಯಿಂದ ಸುಮಾರು 11 ಜೋಡಿ, ಅಂದರೆ ಒಂದು ಸುತ್ತು ಅಳೆದು ಡ್ರೋಶಾ ಕತ್ತರಿಸುತ್ತದೆ. ಎರಡು ಎಳೆಗಳನ್ನೂ ಒಂದೇ ಮಟ್ಟದಲ್ಲಿ ಕತ್ತರಿಸುವುದಿಲ್ಲ. 3 ಪ್ರೈಮ್ ತುದಿಯಲ್ಲಿ ಎರಡು ಅಕ್ಷರ ಹೊರಚಾಚುವಂತೆ ಓರೆಯಾಗಿ ಕತ್ತರಿಸುತ್ತದೆ (ಎಳೆಯ ಆರಂಭದ ತುದಿ 5 ಪ್ರೈಮ್, ಕೊನೆಯ ತುದಿ 3 ಪ್ರೈಮ್). ಉಳಿಯುವುದು 60ರಿಂದ 70 ಅಕ್ಷರಗಳ ಪ್ರೀ-ಮೈಕ್ರೋಆರ್‌ಎನ್‌ಎ.

ಅದನ್ನು ಎಕ್ಸ್‌ಪೋರ್ಟಿನ್-5 ಕೋಶಕೇಂದ್ರದಿಂದ ಹೊರಗೆ ಸಾಗಿಸುತ್ತದೆ. ಹೊರಗೆ ಡೈಸರ್ ಕಾದಿರುತ್ತದೆ. ಡ್ರೋಶಾ ಬಿಟ್ಟ ಆ ಎರಡಕ್ಷರದ ಚಾಚು ಡೈಸರ್‌ಗೆ ಹಿಡಿಕೆ ಇದ್ದ ಹಾಗೆ. ಅದನ್ನು ಹಿಡಿದು ಸುಮಾರು 22 ಅಕ್ಷರ, ಅಂದರೆ ಉಳಿದೆರಡು ಸುತ್ತು ಅಳೆದು, ಕುಣಿಕೆಯನ್ನು ಕತ್ತರಿಸಿ ಹಾಕುತ್ತದೆ. ಮೈಕ್ರೋಆರ್‌ಎನ್‌ಎ ಯಾಕೆ 22 ಅಕ್ಷರ ಇರುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಡೈಸರ್ ತನ್ನದೇ ದೇಹವನ್ನು ಅಳತೆಗೋಲು ಮಾಡಿಕೊಂಡಿದೆ. ಹಿಡಿಕೆಯಿಂದ ಕತ್ತರಿಯವರೆಗೆ ಅದರ ಪ್ರೋಟೀನಿನಲ್ಲೇ ಅಷ್ಟು ದೂರವಿದೆ.

ಈಗ ಕೈಯಲ್ಲಿ ಇರುವುದು 22 ಅಕ್ಷರಗಳ ಎರಡೆಳೆ. ಇದು ಆರ್ಗೊನಾಟ್ ಎಂಬ ಪ್ರೋಟೀನಿನೊಳಗೆ ಹೋಗಿ ಕೂರುತ್ತದೆ. ಒಂದು ಎಳೆ ಉಳಿಯುತ್ತದೆ, ಇನ್ನೊಂದನ್ನು ಬಿಸಾಡಲಾಗುತ್ತದೆ. ಯಾವುದು ಉಳಿಯಬೇಕು? 5 ಪ್ರೈಮ್ ತುದಿಯಲ್ಲಿ ಜೋಡಿ ಸಡಿಲವಾಗಿರುವ ಎಳೆಗೆ ಆದ್ಯತೆ. ಆ ತುದಿಯ ಮೊದಲ ಅಕ್ಷರ ಯು ಅಥವಾ ಎ ಆಗಿದ್ದರೆ ಇನ್ನೂ ಒಳ್ಳೆಯದು. ಕೆಲವು ಸಲ ಎರಡೂ ಎಳೆಗಳು ಬೇರೆ ಬೇರೆ ಆರ್ಗೊನಾಟ್‌ಗಳಲ್ಲಿ ಉಳಿಯುತ್ತವೆ. ಹೆಸರಿನ ಕೊನೆಯಲ್ಲಿ 5ಪಿ, 3ಪಿ ಎಂದು ಬರೆಯುವುದು ಯಾವ ತೋಳಿನಿಂದ ಬಂದ ಎಳೆ ಎಂದು ಹೇಳುವುದಕ್ಕೆ. ನಿಮ್ಮ ಪಟ್ಟಿಯಲ್ಲಿ ಈ ಬಾಲ ಬಿಟ್ಟುಹೋಗಿದ್ದರೆ ಮೊದಲು ಹುಡುಕಿ ಸೇರಿಸಿ. 5ಪಿ ಮತ್ತು 3ಪಿ ಒಂದೇ ಹೇರ್‌ಪಿನ್‌ನ ಮಕ್ಕಳು, ಆದರೆ ಅಕ್ಷರಗಳು ಬೇರೆ, ಗುರಿಗಳೂ ಬೇರೆ. ಎಷ್ಟೋ ಪ್ರಾಜೆಕ್ಟ್‌ಗಳು ಇಲ್ಲೇ ಎಡವುತ್ತವೆ.

ಈ ದಾರಿಗೆ ಅಡ್ಡದಾರಿಗಳೂ ಇವೆ. ಮಿರ್ಟ್ರಾನ್ ಎಂಬವು ಇಂಟ್ರಾನ್ (ಸಂದೇಶ ತಯಾರಾಗುವಾಗ ಕತ್ತರಿಸಿ ತೆಗೆಯುವ ಭಾಗ) ಕತ್ತರಿಸಿಕೊಂಡೇ ಹುಟ್ಟುತ್ತವೆ, ಡ್ರೋಶಾ ಬೇಡ. ಮಿರ್-451 ಡೈಸರ್ ಇಲ್ಲದೆ ಆರ್ಗೊನಾಟ್-2ರ ಕತ್ತರಿಯಿಂದಲೇ ತಯಾರಾಗುತ್ತದೆ. ಸದ್ಯ ನಿಮಗೆ ಇಷ್ಟು ಗೊತ್ತಿದ್ದರೆ ಸಾಕು.

ಆರ್ಗೊನಾಟ್ ಒಳಗೆ ಏನಾಗುತ್ತದೆ ಎಂಬುದನ್ನು ಮಾತ್ರ ನಿಧಾನವಾಗಿ ನೋಡಬೇಕು. ಮೈಕ್ರೋಆರ್‌ಎನ್‌ಎಯ ಮೊದಲ ಅಕ್ಷರವನ್ನು ಆರ್ಗೊನಾಟ್ ಒಂದು ಗೂಡಿನೊಳಗೆ ಮಡಚಿ ಇಟ್ಟುಕೊಳ್ಳುತ್ತದೆ. ಅದು ಯಾರ ಜೊತೆಗೂ ಜೋಡಿಯಾಗಲಾರದು. ಎರಡನೆಯದರಿಂದ ಮುಂದಿನ ಕೆಲವು ಅಕ್ಷರಗಳನ್ನು ಜೋಡಿಯಾಗಲು ಸಿದ್ಧವಾದ ಭಂಗಿಯಲ್ಲಿ ಹೊರಗೆ ತೋರಿಸಿ ಹಿಡಿಯುತ್ತದೆ. ಎಳೆಯ ಉಳಿದ ಭಾಗ ಒಳಗೆ ಅವಿತಿರುತ್ತದೆ. ಹಾಗಾಗಿ ಯಾವುದೋ ಸಂದೇಶದ ಆರ್‌ಎನ್‌ಎ ಪಕ್ಕದಲ್ಲಿ ಹಾದುಹೋದಾಗ ಮೊದಲು ತಾಗುವುದು 2ರಿಂದ 8ರವರೆಗಿನ ಅಕ್ಷರಗಳೇ. ಇದನ್ನೇ ಸೀಡ್ ಎನ್ನುವುದು. ಸೀಡ್ ಎಂಬುದು ತಂತ್ರಾಂಶ ಬರೆದವರ ಅನುಕೂಲಕ್ಕೆ ಹುಟ್ಟಿದ ನಿಯಮ ಎಂದು ಕೆಲವರು ಅಂದುಕೊಂಡಿದ್ದಾರೆ. ಅಲ್ಲ, ಅದು ಪ್ರೋಟೀನಿನ ಆಕಾರದಲ್ಲೇ ಇದೆ.

ಈಗ ಲೆಟ್-7ಎ ತೆಗೆದುಕೊಳ್ಳೋಣ. ಅದರ ಮೊದಲ ಒಂಬತ್ತು ಅಕ್ಷರ: ಯು ಜಿ ಎ ಜಿ ಜಿ ಯು ಎ ಜಿ ಯು. ಮೊದಲ ಯು ಗೂಡಿನಲ್ಲಿ. ಎರಡರಿಂದ ಎಂಟು: ಜಿ ಎ ಜಿ ಜಿ ಯು ಎ ಜಿ. ಇದಕ್ಕೆ ಎದುರು ದಿಕ್ಕಿನಲ್ಲಿ ಜೋಡಿಯಾಗುವ ಸಾಲು: ಸಿ ಯು ಎ ಸಿ ಸಿ ಯು ಸಿ. ಈ ಏಳು ಅಕ್ಷರ ಯಾವ ಜೀನಿನ 3 ಪ್ರೈಮ್ ಯುಟಿಆರ್‌ನಲ್ಲಿ ಇದೆಯೋ, ಅಂದರೆ ಪ್ರೋಟೀನ್ ಸಂಕೇತ ಮುಗಿದ ಮೇಲೆ ಬರುವ ಬಾಲದಲ್ಲಿ ಇದೆಯೋ, ಆ ಜೀನ್ ಲೆಟ್-7ರ ಗುರಿ ಇರಬಹುದು. ಏಳರ ಕೊನೆಗೆ ಇನ್ನೊಂದು ಎ ಇದ್ದರೆ ಎಂಟಕ್ಷರದ ತಾಣ, ಎಲ್ಲಕ್ಕಿಂತ ಬಲವಾದದ್ದು. ಆ ಎ ಬಂದು ನಿಲ್ಲುವುದು ಮೈಕ್ರೋಆರ್‌ಎನ್‌ಎಯ ಮೊದಲ ಅಕ್ಷರದ ಎದುರಿಗೆ. ಮೊದಲ ಅಕ್ಷರ ಜೋಡಿಯಾಗುವುದೇ ಇಲ್ಲ ಅಂದೆ, ಅಲ್ವಾ? ಹಾಗಾದರೆ ಈ ಎ ಯಾಕೆ ಬೇಕು? ಆ ಎಯನ್ನು ಹಿಡಿಯುವುದು ಆರ್ಗೊನಾಟ್ ತಾನೇ. ಅದಕ್ಕೆಂದೇ ಇನ್ನೊಂದು ಚಿಕ್ಕ ಗೂಡಿದೆ. ಹಾಗಾಗಿ ಮೈಕ್ರೋಆರ್‌ಎನ್‌ಎಯ ಮೊದಲ ಅಕ್ಷರ ಯಾವುದಿದ್ದರೂ ಗುರಿಯಲ್ಲಿ ಅಲ್ಲಿ ಎ ಇದ್ದರೆ ಲಾಭ.

ಈಗ ಕತ್ತರಿ ಒಂದು ಅಕ್ಷರ ಒಳಗೆ ಬಿತ್ತು ಎಂದುಕೊಳ್ಳಿ. ಮೊದಲ ಯು ಹೋಯಿತು, ಎಳೆ ಜಿಯಿಂದ ಶುರುವಾಯಿತು. ಎರಡರಿಂದ ಎಂಟು ಈಗ ಎ ಜಿ ಜಿ ಯು ಎ ಜಿ ಯು. ಹುಡುಕಬೇಕಾದ ಸಾಲು ಎ ಸಿ ಯು ಎ ಸಿ ಸಿ ಯು. ಹಳೆಯ ಏಳಕ್ಷರದ ತಾಣಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ಹಿಂದೆ ಆ ಎ ಆಕಸ್ಮಿಕವಾಗಿ ಸಿಗುತ್ತದೆ. ಮುಕ್ಕಾಲು ಭಾಗ ಆರಕ್ಷರದ ದುರ್ಬಲ ತಾಣಗಳಾಗಿ ಇಳಿಯುತ್ತವೆ. ಬೇರೆ ಹೊಸ ಜೀನ್‌ಗಳು ಪಟ್ಟಿಗೆ ಬರುತ್ತವೆ. 5ಪಿ ತೋಳಿನ ಎಳೆಗಳಲ್ಲಿ ಈ ತುದಿಯನ್ನು ತೀರ್ಮಾನಿಸುವುದು ಡ್ರೋಶಾ. 3ಪಿ ತೋಳಿನಲ್ಲಿ ಡೈಸರ್. ನಿಮ್ಮ ಎಂಟರಲ್ಲಿ ಒಂದಾದರೂ ಮೈಕ್ರೋಆರ್‌ಎನ್‌ಎಯ 5 ಪ್ರೈಮ್ ತುದಿ ಡೇಟಾಬೇಸ್‌ನಲ್ಲಿ ಬರೆದಿರುವುದಕ್ಕಿಂತ ಒಂದು ಅಕ್ಷರ ಜಾರಿ ಬಂದಿದ್ದರೆ, ತಂತ್ರಾಂಶಕ್ಕೆ ಹೆಸರು ಮಾತ್ರ ಕೊಟ್ಟು ನೀವು ಪಡೆದ ಪಟ್ಟಿ ನಿಮ್ಮ ಕೋಶದಲ್ಲಿ ಇಲ್ಲದ ಅಣುವಿನದು. 3 ಪ್ರೈಮ್ ತುದಿಯಲ್ಲಿ ಒಂದೆರಡು ಅಕ್ಷರ ಹೆಚ್ಚುಕಡಿಮೆ ಆಗುವುದು ಮಾಮೂಲು, ಅದರಿಂದ ಸೀಡ್ ಬದಲಾಗುವುದಿಲ್ಲ. ಚಿಂತೆ ಮಾಡಬೇಕಾದದ್ದು 5 ಪ್ರೈಮ್ ಕಡೆಯದು.

ಒಂದು ಅಕ್ಷರಕ್ಕೆ ಇಷ್ಟು ಬೆಲೆ ಇದೆಯಾ ಎಂದು ಅನಿಸಬಹುದು. ಮಿರ್-96 ಒಳಕಿವಿಯ ಸಂವೇದಿ ಕೋಶಗಳಲ್ಲಿ ಕೆಲಸ ಮಾಡುತ್ತದೆ. ಅದರ ಸೀಡ್‌ನಲ್ಲಿ ಒಂದು ಅಕ್ಷರ ಬದಲಾದ ಕುಟುಂಬಗಳಲ್ಲಿ ಕಿವಿ ನಿಧಾನವಾಗಿ ಕೇಳಿಸದಂತಾಗುತ್ತದೆ ಎಂದು 2009ರಲ್ಲಿ ವರದಿಯಾಯಿತು. ಇದು ಮೈಕ್ರೋಆರ್‌ಎನ್‌ಎ ಕಡೆಯ ಬದಲಾವಣೆ. ಗುರಿಯ ಕಡೆಯ ಬದಲಾವಣೆಗೆ ಟೆಕ್ಸೆಲ್ ಕುರಿ ಉದಾಹರಣೆ. ಈ ತಳಿಯ ಕುರಿಗಳಿಗೆ ಮೈತುಂಬ ಮಾಂಸಖಂಡ. ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ ಜೀನಿನ ಪ್ರೋಟೀನ್ ಭಾಗದಲ್ಲಿ ಏನೂ ತಪ್ಪಿಲ್ಲ. ಬಾಲದಲ್ಲಿ ಒಂದು ಜಿ ಇದ್ದ ಕಡೆ ಎ ಬಂದಿದೆ, ಅಷ್ಟೇ. ಆ ಒಂದು ಅಕ್ಷರದಿಂದ ಸ್ನಾಯುಗಳಲ್ಲಿ ತುಂಬಿರುವ ಮಿರ್-1 ಮತ್ತು ಮಿರ್-206ಕ್ಕೆ ಹೊಸ ತಾಣ ಹುಟ್ಟಿಕೊಂಡಿತು. ಮಯೋಸ್ಟಾಟಿನ್ ಕಡಿಮೆಯಾಯಿತು, ಸ್ನಾಯು ಬೆಳೆಯಿತು. 2006ರಲ್ಲಿ ಇದು ಗೊತ್ತಾಯಿತು. ಗುರಿ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಕುರಿಯ ಕಥೆಯನ್ನೇ ಹೇಳುತ್ತೇನೆ.

ಹಾಗಾದರೆ ಏಳು ಅಕ್ಷರ ಸಿಕ್ಕಿದ ಕಡೆಯೆಲ್ಲ ಗುರಿಯೇ? ಇಲ್ಲೇ ತೊಂದರೆ. ಒಂದು ಲೆಕ್ಕ ಹಾಕಿ ನೋಡಿ. ನಾಲ್ಕು ಅಕ್ಷರಗಳಲ್ಲಿ ಏಳು ಸ್ಥಾನ ತುಂಬಿದರೆ 16,384 ಬಗೆಯ ಸಾಲುಗಳು ಸಾಧ್ಯ. ಮನುಷ್ಯನಲ್ಲಿ ಪ್ರೋಟೀನ್ ಜೀನ್‌ಗಳು ಸುಮಾರು 20,000. ಪ್ರತಿಯೊಂದರ ಬಾಲ ಸುಮಾರು 1,000 ಅಕ್ಷರ ಎಂದಿಟ್ಟುಕೊಳ್ಳಿ. ಒಟ್ಟು 2 ಕೋಟಿ ಅಕ್ಷರ. ಭಾಗಿಸಿದರೆ ಸುಮಾರು 1,200. ಅಂದರೆ ಯಾವುದೇ ಏಳಕ್ಷರದ ಸಾಲು, ನೀವು ಕಣ್ಣು ಮುಚ್ಚಿ ಬರೆದದ್ದಾದರೂ ಸರಿ, ಸುಮ್ನೆ ಆಕಸ್ಮಿಕವಾಗಿಯೇ ಸಾವಿರಕ್ಕೂ ಹೆಚ್ಚು ಕಡೆ ಸಿಗುತ್ತದೆ. ಆರಕ್ಷರಕ್ಕೆ ತೃಪ್ತಿಪಟ್ಟರೆ ಸುಮಾರು 4,900. ಎಂಟು ಬೇಕೆಂದರೆ 300. ಈ ಲೆಕ್ಕ ಒರಟು, ಅಕ್ಷರಗಳೆಲ್ಲ ಸಮನಾಗಿ ಹಂಚಿರುವುದಿಲ್ಲ. ಆದರೂ ನಿಮ್ಮ ಒಂದು ತಂತ್ರಾಂಶ ನೂರರಲ್ಲಿ, ಇನ್ನೊಂದು ಸಾವಿರದಲ್ಲಿ ಮಾತಾಡುವುದಕ್ಕೆ ಅರ್ಧ ಕಾರಣ ಇದೇ. ಯಾವ ತಾಣವನ್ನು ತಾಣ ಎಂದು ಒಪ್ಪಬೇಕು ಎಂಬಲ್ಲಿ ಅವುಗಳ ಧಾರಾಳತನ ಬೇರೆ ಬೇರೆ.

ಈ ಹುಲ್ಲಿನ ರಾಶಿಯಲ್ಲಿ ಸೂಜಿ ಹುಡುಕಲು ಮೊದಲು ಸಿಕ್ಕ ಉಪಾಯ ವಿಕಾಸ. ಮನುಷ್ಯ, ಇಲಿ, ನಾಯಿ, ಕೋಳಿ ಹೀಗೆ ಹಲವು ಪ್ರಾಣಿಗಳ ಅದೇ ಜೀನಿನ ಬಾಲಗಳನ್ನು ಜೋಡಿಸಿ ಇಡಿ. ಸುತ್ತಲಿನ ಅಕ್ಷರಗಳೆಲ್ಲ ಬದಲಾಗಿದ್ದರೂ ಆ ಏಳು ಮಾತ್ರ ಕೋಟಿಗಟ್ಟಲೆ ವರ್ಷ ಹಾಗೇ ಉಳಿದಿದ್ದರೆ ಅವು ಏನೋ ಕೆಲಸ ಮಾಡುತ್ತಿವೆ. ಟಾರ್ಗೆಟ್‌ಸ್ಕ್ಯಾನ್ ಎಂಬ ತಂತ್ರಾಂಶ 2003ರಲ್ಲಿ ಈ ದಾರಿ ಹಿಡಿಯಿತು, ಆಮೇಲೆ ಪಿಕ್‌ಟಾರ್ ಕೂಡ. 2009ರ ಹೊತ್ತಿಗೆ ಈ ಲೆಕ್ಕದ ಪ್ರಕಾರ ಮನುಷ್ಯನ ಪ್ರೋಟೀನ್ ಜೀನ್‌ಗಳಲ್ಲಿ ಶೇಕಡಾ 60ಕ್ಕೂ ಹೆಚ್ಚು ಯಾವುದಾದರೂ ಮೈಕ್ರೋಆರ್‌ಎನ್‌ಎಯ ಲಗಾಮಿನಲ್ಲಿವೆ ಎಂದಾಯಿತು. ಆದರೆ ಟೆಕ್ಸೆಲ್ ಕುರಿಯ ತಾಣ ಈ ಜರಡಿಯಲ್ಲಿ ಎಂದೂ ಸಿಗುತ್ತಿರಲಿಲ್ಲ. ಅದು ಮೊನ್ನೆ ಮೊನ್ನೆ ಹುಟ್ಟಿದ್ದು.

ಎರಡನೆಯ ಉಪಾಯ ತಾಣದ ನೆರೆಹೊರೆ. ಒಂದೇ ಏಳಕ್ಷರ ಒಂದು ಕಡೆ ಕೆಲಸ ಮಾಡುತ್ತದೆ, ಇನ್ನೊಂದು ಕಡೆ ಮಾಡುವುದಿಲ್ಲ. ಸುತ್ತ ಎ ಮತ್ತು ಯು ಜಾಸ್ತಿ ಇದ್ದರೆ ಆ ಭಾಗ ಗಂಟುಬೀಳದೆ ತೆರೆದಿರುತ್ತದೆ, ಆರ್ಗೊನಾಟ್‌ಗೆ ಸುಲಭ. ಸ್ಟಾಪ್ ಸಂಕೇತದಿಂದ (ಪ್ರೋಟೀನ್ ಸಂಕೇತ ಮುಗಿಯುವ ಜಾಗದಿಂದ) ಮೊದಲ 15 ಅಕ್ಷರಗಳೊಳಗಿದ್ದರೆ ಪ್ರೋಟೀನ್ ಕಟ್ಟುವ ರೈಬೋಸೋಮ್ ಅದನ್ನು ತಳ್ಳಿಕೊಂಡು ಹೋಗುತ್ತದೆ, ಹಾಗಾಗಿ ದಂಡ. ಉದ್ದ ಬಾಲದ ನಟ್ಟನಡುವೆ ಇರುವುದಕ್ಕಿಂತ ಎರಡು ತುದಿಗಳ ಹತ್ತಿರ ಇರುವುದು ವಾಸಿ. ಎರಡು ತಾಣಗಳು 8ರಿಂದ 40 ಅಕ್ಷರಗಳ ಅಂತರದಲ್ಲಿದ್ದರೆ ಒಂದಕ್ಕೊಂದು ಬಲ ಕೊಡುತ್ತವೆ. ಮೈಕ್ರೋಆರ್‌ಎನ್‌ಎಯ 13ರಿಂದ 16ನೇ ಅಕ್ಷರಗಳೂ ಜೋಡಿಯಾದರೆ ಸ್ವಲ್ಪ ಹೆಚ್ಚುವರಿ ಹಿಡಿತ. ಟಾರ್ಗೆಟ್‌ಸ್ಕ್ಯಾನ್‌ನ 2015ರ ಮಾದರಿ ಇಂಥ 14 ಗುಣಗಳನ್ನು ತೂಗಿ ಒಂದು ಅಂಕ ಕೊಡುತ್ತದೆ. ಆ ಅಂಕ ಎಷ್ಟು ಹೆಚ್ಚು ಋಣಾತ್ಮಕವೋ ಅಷ್ಟು ಹೆಚ್ಚು ತಡೆ. ದೊಡ್ಡ ಸಂಖ್ಯೆ ಒಳ್ಳೆಯದು ಅಂದುಕೊಂಡು ಪಟ್ಟಿಯನ್ನು ತಲೆಕೆಳಗಾಗಿ ಜೋಡಿಸಿದವರನ್ನು ನಾನು ಕಂಡಿದ್ದೇನೆ.

ಮೂರನೆಯದು ಶಕ್ತಿಯ ಲೆಕ್ಕ. ಮಿರಾಂಡಾ, ಆರ್‌ಎನ್‌ಎಹೈಬ್ರಿಡ್ ಎಂಬ ತಂತ್ರಾಂಶಗಳು ಇಡೀ 22 ಅಕ್ಷರ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂದು ನೋಡುತ್ತವೆ. ಮಿರಾಂಡಾ ಜಿ-ಯು ಎಂಬ ಸಡಿಲ ಜೋಡಿಯನ್ನೂ ಒಪ್ಪುತ್ತದೆ. ಹಾಗಾಗಿ ಅದರ ಪಟ್ಟಿ ಉದ್ದ. ಪಿಟಾ ಎಂಬುದು ಗುರಿಯ ಗಂಟು ಬಿಚ್ಚುವ ಖರ್ಚನ್ನೂ ಕಳೆಯುತ್ತದೆ. ಆಲೋಚನೆ ಚೆನ್ನಾಗಿದೆ. ನನ್ನ ಅನುಭವದಲ್ಲಿ ಬರೀ ಶಕ್ತಿಯ ಲೆಕ್ಕ ನಂಬಿ ಹೋದರೆ ಕೈಗೆ ಸಿಗುವುದು ಕಡಿಮೆ. ಆರ್ಗೊನಾಟ್ ಎಂಬ ಪ್ರೋಟೀನನ್ನು ಮರೆತು ಎರಡು ಬೆತ್ತಲೆ ಆರ್‌ಎನ್‌ಎಗಳು ದ್ರಾವಣದಲ್ಲಿ ತೇಲುತ್ತಿವೆ ಎಂದು ಅದು ಭಾವಿಸುತ್ತದೆ. ನಾಲ್ಕನೆಯದು ಯಂತ್ರ ಕಲಿಕೆ, ಅಂದರೆ ಉದಾಹರಣೆಗಳಿಂದ ತಾನೇ ನಿಯಮ ಕಲಿಯುವ ತಂತ್ರಾಂಶ. ಮಿರ್‌ಡಿಬಿ ಈ ಜಾತಿಯದು. ಅದರ ಅಂಕ 50ರಿಂದ 100ರವರೆಗೆ, 80 ದಾಟಿದ್ದನ್ನು ಹೆಚ್ಚು ನಂಬಬಹುದು. 2019ರಲ್ಲಿ ಇನ್ನೊಂದು ನೇರ ದಾರಿ ಬಂತು. ಆರು ಮೈಕ್ರೋಆರ್‌ಎನ್‌ಎಗಳನ್ನು ಆರ್ಗೊನಾಟ್ ಒಳಗೆ ಕೂರಿಸಿ, ಯಾದೃಚ್ಛಿಕ ಆರ್‌ಎನ್‌ಎಗಳ ರಾಶಿಗೆ ಬಿಟ್ಟು, ಯಾವುದಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಅಳೆದರು. ಮಾಮೂಲಿ ಸೀಡ್ ತಾಣಗಳ ಜೊತೆಗೆ ಪ್ರತಿಯೊಂದಕ್ಕೂ ತನ್ನದೇ ಕೆಲವು ವಿಚಿತ್ರ ತಾಣಗಳಿರುವುದು ಕಂಡಿತು.

ಈಗ ನಿಮ್ಮ ಮೊದಲ ಪ್ರಶ್ನೆ. ಮೂರರಲ್ಲೂ ಇರುವುದನ್ನು ಮಾತ್ರ ಹಿಡಿಯಬಹುದಾ? ನಾನಾದರೆ ಹಿಡಿಯುವುದಿಲ್ಲ. ಮೂವರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಬಹುದು ಎಂಬ ತರ್ಕ ಅದರ ಹಿಂದಿದೆ. ಆದರೆ ಈ ಮೂವರೂ ಸ್ವತಂತ್ರರಲ್ಲ. ಮೂವರೂ ಅದೇ ಸೀಡ್ ನೋಡುತ್ತಾರೆ, ಅದೇ ಬಾಲದ ಸಾಲು ಓದುತ್ತಾರೆ. ಅವರ ಒಪ್ಪಿಗೆಗೆ ಅಷ್ಟು ತೂಕವಿಲ್ಲ. ಇನ್ನು ಭಿನ್ನಾಭಿಪ್ರಾಯಕ್ಕೆ ಎಷ್ಟೋ ಸಲ ಕ್ಷುಲ್ಲಕ ಕಾರಣ. ಒಬ್ಬರು ಹಳೆಯ ಯುಟಿಆರ್ ಪಟ್ಟಿ ಬಳಸಿರುತ್ತಾರೆ, ಇನ್ನೊಬ್ಬರು ಹೊಸದು. ಹೀಗೆ ಅಡ್ಡಗೆರೆ ಎಳೆದಾಗ ಮೂವರಲ್ಲಿ ಅತಿ ದುರ್ಬಲನಾದವನು ಬಿಟ್ಟ ನಿಜವಾದ ಗುರಿಗಳೆಲ್ಲ ಹೊರಗೆ ಹೋಗುತ್ತವೆ. ಚೆನ್ನಾಗಿ ಪರೀಕ್ಷೆಯಾದ ಒಂದನ್ನು ಆರಿಸಿ, ಅದರ ಅಂಕದ ಪ್ರಕಾರ ಮೇಲಿನಿಂದ ಕೆಳಗೆ ಬನ್ನಿ. ಪ್ರಾಣಿಗಳಿಗೆ ನಾನು ಟಾರ್ಗೆಟ್‌ಸ್ಕ್ಯಾನ್ ಬಳಸುತ್ತೇನೆ. ಸಸ್ಯಗಳ ಆಟ ಬೇರೆ. ಅಲ್ಲಿ ಮೈಕ್ರೋಆರ್‌ಎನ್‌ಎ ಉದ್ದಕ್ಕೂ ಹೆಚ್ಚುಕಡಿಮೆ ಪೂರ್ತಿ ಜೋಡಿಯಾಗಿ ಗುರಿಯನ್ನು ಕತ್ತರಿಸಿಬಿಡುತ್ತದೆ, ಹುಡುಕುವುದೂ ಸುಲಭ.

ಆಮೇಲಿನ ಜರಡಿ ನಿಮ್ಮದೇ ಡೇಟಾ. ನಾನೇ ಒಮ್ಮೆ ಇದನ್ನು ಮರೆತು ಪೇಚಿಗೆ ಸಿಕ್ಕಿದ್ದೆ. ಪಟ್ಟಿಯಲ್ಲಿ ಮೇಲೆ ಇದ್ದ ಒಂದು ಜೀನ್, ಎಂಟಕ್ಷರದ ತಾಣ, ಎಲ್ಲ ಪ್ರಾಣಿಗಳಲ್ಲೂ ಉಳಿದುಬಂದದ್ದು. ಅದರ ಬಾಲವನ್ನು ಲೂಸಿಫೆರೇಸ್‌ಗೆ ಅಂಟಿಸಿದೆ. ಬೆಳಕು ಅಂದವಾಗಿ ಕುಗ್ಗಿತು. ಎರಡು ತಿಂಗಳ ಮೇಲೆ ಪ್ರೋಟೀನ್ ಪತ್ತೆಹಚ್ಚುವ ವೆಸ್ಟರ್ನ್ ಬ್ಲಾಟ್ ಮಾಡಿದರೆ ಆ ಜೀನಿನ ಪ್ರೋಟೀನಿನ ಗೆರೆಯೇ ಕಾಣಲಿಲ್ಲ. ಮೈಕ್ರೋಆರ್‌ಎನ್‌ಎ ಹಾಕಿದ ಕೋಶದಲ್ಲೂ ಇಲ್ಲ, ಹಾಕದ ಕೋಶದಲ್ಲೂ ಇಲ್ಲ. ಆ ಜೀನ್ ನಮ್ಮ ಕೋಶಗಳಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ! ಲೂಸಿಫೆರೇಸ್ ನಾವು ಹೊರಗಿನಿಂದ ತುರುಕಿದ ಸಂದೇಶ, ಹಾಗಾಗಿ ಅದು ಕುಗ್ಗಿತ್ತು. ಆ ಕೋಶದಲ್ಲಿ ಇಲ್ಲದ ಜೀನಿಗೆ ಲಗಾಮು ಹಾಕುವುದು ಎಂದರೇನು?

ಹಾಗಾಗಿ ಮೊದಲು ನಿಮ್ಮ ಕೋಶದ ಆರ್‌ಎನ್‌ಎ ಸೀಕ್ವೆನ್ಸಿಂಗ್ ಡೇಟಾ ತೆರೆದು, ಸದ್ದೇ ಇಲ್ಲದ ಜೀನ್‌ಗಳನ್ನು ತೆಗೆದುಹಾಕಿ. ಬಾಲ ಎಲ್ಲಿಯವರೆಗೆ ಇದೆ ಎಂದೂ ನೋಡಿ. ವೇಗವಾಗಿ ವಿಭಜನೆಯಾಗುವ ಕೋಶಗಳು ಎಷ್ಟೋ ಜೀನ್‌ಗಳ ಬಾಲವನ್ನು ಮೊಟಕಾಗಿ ಮುಗಿಸುತ್ತವೆ. ತಾಣ ಉದ್ದ ಬಾಲದ ಕೊನೆಯಲ್ಲಿದ್ದರೆ ಅದು ಅಲ್ಲಿ ಇರುವುದೇ ಇಲ್ಲ. ಎಚ್‌ಎಂಜಿಎ2 ಜೀನಿನ ಬಾಲದಲ್ಲಿ ಲೆಟ್-7ಕ್ಕೆ ಏಳು ತಾಣಗಳಿವೆ. ಕೆಲವು ಗೆಡ್ಡೆಗಳಲ್ಲಿ ವರ್ಣತಂತು ಮುರಿದು ಆ ಬಾಲ ಕಳೆದುಹೋಗುತ್ತದೆ, ಲೆಟ್-7ರ ಹಿಡಿತ ತಪ್ಪುತ್ತದೆ. 2007ರಲ್ಲಿ ಇದನ್ನು ಪ್ರಯೋಗದಲ್ಲಿ ತೋರಿಸಿದರು.

ಇನ್ನು ಮೈಕ್ರೋಆರ್‌ಎನ್‌ಎಯ ಪ್ರಮಾಣ. ಐದು ಪಟ್ಟು ಏರಿದೆ ಎಂದರೆ ಸಾಲದು. 2 ಇದ್ದದ್ದು 10 ಆಗಿದ್ದರೆ ಸಾವಿರಾರು ಸಂದೇಶಗಳ ನಡುವೆ ಅದು ಏನೂ ಮಾಡಲಾರದು. ಅದು ನಿಜವಾದ ಮೈಕ್ರೋಆರ್‌ಎನ್‌ಎಯೇ ಎಂದೂ ನೋಡಬೇಕು. ಮಿರ್‌ಬೇಸ್‌ನ (ಮೈಕ್ರೋಆರ್‌ಎನ್‌ಎಗಳ ಡೇಟಾಬೇಸ್) 22ನೇ ಆವೃತ್ತಿಯಲ್ಲಿ ಮನುಷ್ಯನ ಹೇರ್‌ಪಿನ್‌ಗಳು 1,917. ಕಟ್ಟುನಿಟ್ಟಾಗಿ ಆರಿಸುವ ಮಿರ್‌ಜೀನ್‌ಡಿಬಿಯಲ್ಲಿ ಉಳಿದಿರುವುದು ಅದರ ಮೂರನೇ ಒಂದು ಭಾಗಕ್ಕೂ ಕಡಿಮೆ. ತಯಾರಿಯ ಗುರುತುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಎರಡೂ ತೋಳುಗಳಿಂದ ಓದುಗಳು (ಸೀಕ್ವೆನ್ಸಿಂಗ್ ಯಂತ್ರ ಓದಿದ ತುಣುಕುಗಳು) ಸಿಗುತ್ತವೆಯಾ? 5 ಪ್ರೈಮ್ ತುದಿ ಒಂದೇ ಕಡೆ ಬೀಳುತ್ತದೆಯಾ? ಎರಡಕ್ಷರದ ಚಾಚು ಹೊಂದುತ್ತದೆಯಾ? ಇಲ್ಲವಾದರೆ ಅದು ಬೇರೆ ಯಾವುದೋ ಆರ್‌ಎನ್‌ಎ ಮುರಿದ ಚೂರು ಇರಬಹುದು. ಹೆಸರಿನ ಸಂಖ್ಯೆ ನಾಲ್ಕಂಕೆಯದಾದರೆ ನಾನು ಎರಡು ಸಲ ನೋಡುತ್ತೇನೆ.

ಒಂದೊಂದು ಜೀನಿಗೆ ಹೋಗುವ ಮೊದಲು ಗುಂಪಾಗಿ ಪರೀಕ್ಷಿಸಿ. ಇದು ನನ್ನ ಅಚ್ಚುಮೆಚ್ಚಿನ ಹೆಜ್ಜೆ, ಯಾಕೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಆ ಮೈಕ್ರೋಆರ್‌ಎನ್‌ಎಗೆ ಎಂಟಕ್ಷರದ ತಾಣ ಇರುವ ಜೀನ್‌ಗಳೆಲ್ಲ ಒಂದು ಕಡೆ, ತಾಣವೇ ಇಲ್ಲದವು ಇನ್ನೊಂದು ಕಡೆ. ಎರಡು ಗುಂಪುಗಳ ಏರಿಳಿತವನ್ನು ಸಂಚಿತ ರೇಖೆಯಾಗಿ ಒಂದೇ ಚಿತ್ರದಲ್ಲಿ ಎಳೆಯಿರಿ. ಮೈಕ್ರೋಆರ್‌ಎನ್‌ಎ ನಿಜಕ್ಕೂ ಕೆಲಸ ಮಾಡುತ್ತಿದ್ದರೆ ತಾಣ ಇರುವ ಗುಂಪಿನ ರೇಖೆ ಇಳಿಕೆಯ ಕಡೆಗೆ ಸ್ವಲ್ಪ ಸರಿದಿರುತ್ತದೆ. ಎಂಟರಲ್ಲಿ ಬಹುಶಃ ಎರಡೋ ಮೂರೋ ಮಾತ್ರ ಹೀಗೆ ಸರಿಯುತ್ತವೆ. ಉಳಿದವನ್ನು ಬಿಡಿ, ಬೇಜಾರು ಬೇಡ. ರೇಖೆ ಸರಿಯುವ ದೂರ ಚಿಕ್ಕದಾಗಿಯೇ ಇರುತ್ತದೆ. 2008ರಲ್ಲಿ ಎರಡು ತಂಡಗಳು ಸಾವಿರಾರು ಪ್ರೋಟೀನ್‌ಗಳನ್ನು ಒಟ್ಟಿಗೆ ಅಳೆದಾಗ ಒಂದು ಮೈಕ್ರೋಆರ್‌ಎನ್‌ಎಯಿಂದ ಹೆಚ್ಚಿನ ಗುರಿಗಳು ಅರ್ಧದಷ್ಟೂ ಇಳಿಯುವುದಿಲ್ಲ ಎಂದು ಕಂಡಿತ್ತು. ನಿಮ್ಮ ಜೀನ್ ಶೇಕಡಾ 25 ಇಳಿದರೆ ಅದು ಸೋಲಲ್ಲ, ಮಾಮೂಲು.

ಪಟ್ಟಿಯನ್ನು ನೇರ ಪಾಥ್‌ವೇ ವಿಶ್ಲೇಷಣೆಗೆ (ಪಟ್ಟಿಯಲ್ಲಿ ಯಾವ ಕೆಲಸದ ಜೀನ್‌ಗಳು ಜಾಸ್ತಿ ಎಂದು ನೋಡುವುದಕ್ಕೆ) ಹಾಕಿ ಕ್ಯಾನ್ಸರ್, ನರಕೋಶದ ಬೆಳವಣಿಗೆ ಎಂದು ಬಂದದ್ದನ್ನು ಪ್ರಬಂಧದಲ್ಲಿ ಬರೆಯಬೇಡಿ. ಉದ್ದ ಬಾಲದ ಜೀನ್‌ಗಳಲ್ಲಿ ಯಾವುದೇ ಏಳಕ್ಷರ ಸಿಗುವ ಸಾಧ್ಯತೆ ಜಾಸ್ತಿ. ನರಮಂಡಲ ಮತ್ತು ಬೆಳವಣಿಗೆಯ ಜೀನ್‌ಗಳ ಬಾಲವೇ ಉದ್ದ. ಯಾವ ಮೈಕ್ರೋಆರ್‌ಎನ್‌ಎ ಹಾಕಿದರೂ ಅದೇ ಉತ್ತರ ಬರುತ್ತದೆ.

ಕ್ಲಿಪ್ ಡೇಟಾ ಇದ್ದರೆ ಅದನ್ನೂ ನೋಡಿ. ಬೆಳಕು ಹಾಯಿಸಿ ಆರ್ಗೊನಾಟನ್ನು ಅದು ಹಿಡಿದಿದ್ದ ಆರ್‌ಎನ್‌ಎಗೆ ಅಂಟಿಸಿ, ಆ ತುಣುಕುಗಳನ್ನು ಓದುವ ವಿಧಾನ ಅದು. 2009ರಲ್ಲಿ ಮಿದುಳಿನ ಮೇಲೆ ಹೀಗೆ ಮಾಡಿದರು. 2013ರ ಕ್ಲಾಶ್ ವಿಧಾನದಲ್ಲಿ ಮೈಕ್ರೋಆರ್‌ಎನ್‌ಎಯನ್ನೂ ಗುರಿಯನ್ನೂ ಒಂದಕ್ಕೊಂದು ಹೊಲಿದು ಒಟ್ಟಿಗೆ ಓದಿದರು. ಆದರೆ ಆರ್ಗೊನಾಟ್ ಅಲ್ಲಿ ಕೂತಿತ್ತು ಎಂದ ಮಾತ್ರಕ್ಕೆ ಜೀನ್ ಇಳಿಯಿತು ಎಂದಲ್ಲ. ಮಿರ್‌ಟಾರ್‌ಬೇಸ್‌ನಲ್ಲಿ (ಪ್ರಯೋಗದಲ್ಲಿ ಕಂಡ ಗುರಿಗಳ ಡೇಟಾಬೇಸ್) ನಿಮ್ಮ ಜೀನ್ ದೃಢಪಟ್ಟಿದೆ ಎಂದು ಕಂಡರೆ, ಯಾವ ಸಾಕ್ಷ್ಯದ ಮೇಲೆ ಎಂದು ಒಳಗೆ ಹೋಗಿ ನೋಡಿ. ಲೂಸಿಫೆರೇಸ್‌ನಂಥ ರಿಪೋರ್ಟರ್ ಪ್ರಯೋಗವೋ, ಬರೀ ಕ್ಲಿಪ್ಪೋ?

ಕೊನೆಗೆ ಒಂದು ಜೀನ್ ಆರಿಸಿ ಎಂದಿರಿ. ನಿಮ್ಮ ಕೋಶದಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವ, ಮೈಕ್ರೋಆರ್‌ಎನ್‌ಎ ಏರಿದಾಗ ಇಳಿದ, ಎಂಟಕ್ಷರದ ಒಂದು ತಾಣ ಅಥವಾ ಹತ್ತಿರ ಹತ್ತಿರದ ಎರಡು ತಾಣ ಇರುವ ಜೀನ್ ತೆಗೆದುಕೊಳ್ಳಿ. ಲೂಸಿಫೆರೇಸ್ ಹಿಂದೆ ಅದರ ಬಾಲ ಅಂಟಿಸುವಾಗಲೇ ಎರಡನೇ ನಮೂನೆಯನ್ನೂ ಮಾಡಿಸಿ. ಅದರಲ್ಲಿ ತಾಣದ ನಡುವಿನ ಮೂರು ಅಕ್ಷರ ಬದಲಾಗಿರಲಿ, ಉಳಿದದ್ದೆಲ್ಲ ಹಾಗೇ ಇರಲಿ. ಮೊದಲನೆಯದು ಕುಗ್ಗಿ ಎರಡನೆಯದು ಕುಗ್ಗದಿದ್ದರೆ ತಾಣ ನಿಜ. ಎರಡೂ ಕುಗ್ಗಿದರೆ ಕಾರಣ ಬೇರೆ ಏನೋ, ಆ ಜೀನನ್ನು ಪಟ್ಟಿಯಿಂದ ತೆಗೆಯಿರಿ. ಆಸೆ ಇದ್ದರೆ ಇನ್ನೊಂದು ಹೆಜ್ಜೆ: ಮೈಕ್ರೋಆರ್‌ಎನ್‌ಎಯಲ್ಲೂ ಎದುರಿನ ಮೂರು ಅಕ್ಷರ ಬದಲಿಸಿ ಬದಲಾದ ತಾಣದ ಜೊತೆ ಹಾಕಿ, ಹಿಡಿತ ಮತ್ತೆ ಬರಬೇಕು. ಮೈಕ್ರೋಆರ್‌ಎನ್‌ಎ ಹೊರಗಿನಿಂದ ಸುರಿದದ್ದು ಮಾತ್ರ ಸಾಲದು. ಕೋಶದೊಳಗೆ ಸಹಜವಾಗಿ ಇರುವುದನ್ನು ಆಂಟಿಸೆನ್ಸ್ (ಅದಕ್ಕೆ ಜೋಡಿಯಾಗುವ ಎದುರು ಎಳೆ) ಹಾಕಿ ಕಟ್ಟಿಹಾಕಿದಾಗ ಆ ಜೀನಿನ ಪ್ರೋಟೀನ್ ಏರುತ್ತದೆಯೇ ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಿ. ಪ್ರೈಮರ್‌ಗಳಿಗೆ ಆರ್ಡರ್ ಹಾಕುವ ಮೊದಲು ಮಾತ್ರ ಸೀಕ್ವೆನ್ಸಿಂಗ್ ಓದುಗಳನ್ನು ಜೀನೋಮ್ ಬ್ರೌಸರ್‌ನಲ್ಲಿ ತೆರೆದು, ಆ ಮೈಕ್ರೋಆರ್‌ಎನ್‌ಎಯ 5 ಪ್ರೈಮ್ ತುದಿ ಯಾವ ಅಕ್ಷರದಿಂದ ಶುರುವಾಗುತ್ತದೆ ಎಂದು ನಿಮ್ಮ ಕಣ್ಣಾರೆ ಎಣಿಸಿ ನೋಡಿ.